ಮೊದಲು ಉರುಳಲಿ, ಬಣ್ಣ ಆಮೇಲೆ

ಮಾದರಿ ರೈಲಿನ ಬಗ್ಗೆ ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ರಾಗ ಹಾಡುತ್ತವೆ. ಕಿಟ್ ಕೊಂಡದ್ದಾಯಿತು, ಪೆಟ್ಟಿಗೆ ಬಿಚ್ಚಿದ್ದಾಯಿತು, ಅರ್ಧ ಕಟ್ಟಿ ಅಟ್ಟಕ್ಕೆ ಹಾಕಿದ್ದೂ ಆಯಿತು. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಎಂಜಿನ್ ಓಡಬೇಕು ಎನ್ನುವವರಿಗೆ ಈ ಮಾತುಗಳು. ಗಾಜಿನ ಕಪಾಟಿನಲ್ಲಿಟ್ಟು ನೋಡುವವರು ಬಣ್ಣದಿಂದಲೇ ಶುರು ಮಾಡಬಹುದು, ತಕರಾರಿಲ್ಲ.

ಪ್ರಶ್ನೆ: ಕೆಲಸದ ಮೇಲೆ ಬಹಳ ಕಾಲ ಇಂಗ್ಲೆಂಡಿನಲ್ಲಿದ್ದು ಈಗ ಊರಿಗೆ ಮರಳಿದ್ದೇನೆ. ಅಲ್ಲಿನ ಮಾದರಿ ರೈಲು ಪ್ರದರ್ಶನಗಳಿಗೆ ಹೋದಾಗಲೆಲ್ಲ ಒಂದೊಂದು ಎಂಜಿನ್ ಕಿಟ್ ಕೊಳ್ಳುವ ಚಟವಿತ್ತು. ಈಗ ಒಂಬತ್ತು ಪೆಟ್ಟಿಗೆಗಳಿವೆ. ಎಲ್ಲವೂ ಓಓ ಅಳತೆ. ಕೆಲವು ಹಿತ್ತಾಳೆ ತಗಡಿನವು, ಕೆಲವು ವೈಟ್‌ಮೆಟಲ್. ಒಂದೂ ಮುಗಿದಿಲ್ಲ. ‘ಮುಗಿಸಿ, ಇಲ್ಲವೇ ಹಳೇ ಪಾತ್ರೆಯವನಿಗೆ ಹಾಕಿ’ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಯಾವುದರಿಂದ ಶುರು ಮಾಡಲಿ?
— ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಪಾತ್ರೆಯವನಿಗೆ ಹಾಕಬೇಡಿ. ಒಂಬತ್ತನ್ನೂ ಮುಗಿಸುತ್ತೇನೆಂದು ಮನೆಯವರಿಗೆ ಮಾತು ಕೊಡಲೂ ಬೇಡಿ.

ಮೊದಲು ಒಂದು ಭಾನುವಾರ ಒಂಬತ್ತು ಪೆಟ್ಟಿಗೆಗಳನ್ನೂ ಊಟದ ಮೇಜಿನ ಮೇಲಿಟ್ಟು ಬಿಚ್ಚಿ ನೋಡಿ, ಅಷ್ಟೇ. ಏನನ್ನೂ ಜೋಡಿಸಬೇಡಿ. ಪ್ರತಿ ಪೆಟ್ಟಿಗೆಯೊಳಗೂ ಒಂದು ಚೀಟಿ ಹಾಕಿ, ಕೆಲಸ ಎಲ್ಲಿ ನಿಂತಿತು ಎನ್ನುವುದನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಬರೆದಾದ ಮೇಲೆ ಚೀಟಿಗಳನ್ನು ಓದಿದರೆ ನಿಮಗೇ ನಗು ಬರುತ್ತದೆ. ಕಿಟ್‌ಗಳು ನಿಲ್ಲುವ ಜಾಗಗಳು ಕೆಲವೇ. ಒಂದು, ಗಾಲಿಗಳನ್ನು ಜೋಡಿಸುವ ಕಪ್ಲಿಂಗ್ ರಾಡ್ ಹಾಕಿದ ಕೂಡಲೇ ಚಾಸಿ ಕುಂಟತೊಡಗಿದ್ದು. ಇನ್ನೊಂದು, ಗಾಲಿ, ಮೋಟರು, ಗೇರ್‌ಬಾಕ್ಸ್‌ಗಳನ್ನು ಬೇರೆಯಾಗಿ ಕೊಳ್ಳಬೇಕಿದ್ದು, ಕೊಳ್ಳದೆ ಉಳಿದದ್ದು. ಬ್ರಿಟಿಷ್ ಕಿಟ್‌ಗಳಲ್ಲಿ ಅನೇಕವು ಇವಿಲ್ಲದೆಯೇ ಮಾರಾಟವಾಗುತ್ತಿದ್ದವು. ಮತ್ತೊಂದು, ಎಲ್ಲಾ ಆದ ಮೇಲೆ ಬಣ್ಣ ಬಳಿಯಲು ಕೈ ನಡುಗಿದ್ದು.

ಆರಿಸುವ ವಿಷಯಕ್ಕೆ ಬಂದರೆ, ಒಂಬತ್ತರಲ್ಲಿ ಅತಿ ಚೆಂದದ್ದನ್ನು ಮುಟ್ಟಬೇಡಿ, ಅತಿ ಸರಳವಾದದ್ದನ್ನು ಎತ್ತಿಕೊಳ್ಳಿ. ಆರು ಗಾಲಿಯ ಟ್ಯಾಂಕ್ ಎಂಜಿನ್, ಸಿಲಿಂಡರುಗಳು ಫ್ರೇಮಿನ ಒಳಗೆ ಅಡಗಿರುವಂಥದ್ದು ಒಂದಾದರೂ ನಿಮ್ಮಲ್ಲಿ ಇದ್ದೇ ಇರುತ್ತದೆ. ಗ್ರೇಟ್ ವೆಸ್ಟರ್ನ್ ರೈಲ್ವೆಯ ಪ್ಯಾನಿಯರ್ ಟ್ಯಾಂಕ್ ಆ ಜಾತಿ. 1929ರಿಂದ 1950ರವರೆಗೆ ಈ ಪ್ಯಾನಿಯರ್‌ಗಳ 57XX ವರ್ಗದಲ್ಲೇ 863 ಎಂಜಿನ್‌ಗಳು ತಯಾರಾದವು. ಲಂಡನ್–ಬ್ರೈಟನ್ ಕಂಪನಿಗಾಗಿ ಸ್ಟ್ರೌಡ್ಲಿ 1872ರಿಂದ ಕಟ್ಟಿಸಿದ ಪುಟಾಣಿ ‘ಟೆರಿಯರ್’ ಕೂಡ ಇದೇ ಜಾತಿ. ಇವುಗಳಲ್ಲಿ ಹೊರಗೆ ಓಡಾಡುವುದು ಒಂದು ಜೊತೆ ಕಪ್ಲಿಂಗ್ ರಾಡ್ ಮಾತ್ರ. ಹೊರಗಡೆ ಸಿಲಿಂಡರು, ಪಿಸ್ಟನ್ ರಾಡ್, ವಾಲ್ಷಾರ್ಟ್ ವಾಲ್ವ್ ಗೇರ್ ಎಂದು ಸರಪಳಿಯಾಗಿ ಸರಳುಗಳಿರುವ ಎಕ್ಸ್‌ಪ್ರೆಸ್ ಎಂಜಿನ್ ಪೆಟ್ಟಿಗೆಯನ್ನು ಸದ್ಯಕ್ಕೆ ಅಟ್ಟಕ್ಕೇ ಕಳಿಸಿ. ನಿಮ್ಮ ಕೈ ತಪ್ಪಿದ್ದು ಆ ಪೆಟ್ಟಿಗೆಯಿಂದಲೇ ಇರಬೇಕು ಎಂಬುದು ನನ್ನ ಗುಮಾನಿ.

ಆರಿಸಿದಿರಿ. ಈಗ ಅದನ್ನೂ ಪಕ್ಕಕ್ಕಿಟ್ಟು, ಒಂದು ಮೀಟರ್ ಹಲಗೆಯ ಮೇಲೆ ಹಳಿ ಬಡಿಯಿರಿ, ಎರಡು ತಂತಿ ಎಳೆದು ಕಂಟ್ರೋಲರ್ ಕೊಡಿ. ಹಳಿಯೇ ಇಲ್ಲದ ಮನೆಯಲ್ಲಿ ಎಂಜಿನ್ ಮುಗಿಯುವುದಿಲ್ಲ, ಏಕೆಂದರೆ ಅದಕ್ಕೆ ಹೋಗಬೇಕಾದ ಜಾಗವೇ ಇಲ್ಲ. ಚಾಸಿಯನ್ನು ದಿನಕ್ಕೊಮ್ಮೆ ಹಳಿಯ ಮೇಲಿಟ್ಟು ತಳ್ಳಿ ನೋಡುವ ಅಭ್ಯಾಸ ಬಂದರೆ ಮುಂದಿನ ಕೆಲಸಕ್ಕೆ ಅದೇ ನಿಮ್ಮನ್ನು ಕರೆದು ಕೂರಿಸುತ್ತದೆ. ಹಳಿ ಕೊಳ್ಳುವಾಗ ‘ಕೋಡ್ 100’ ಎಂದು ಕೇಳಿ. ಕೋಡ್ ಎಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಭಾಗಗಳಲ್ಲಿ. 100 ಅಂದರೆ 2.54 ಮಿ.ಮೀ. ಕೋಡ್ 75 ನೋಡಲು ನವಿರಾಗಿದ್ದರೂ ಹಳೆಯ ಕಿಟ್‌ಗಳ ಗಾಲಿಯ ಅಂಚು ಆಳವಾಗಿರುವುದರಿಂದ ಹಳಿ ಹಿಡಿದ ಗುಬಟಿಗಳಿಗೆ ಬಡಿದು ಟಕಟಕ ಎನ್ನುತ್ತದೆ.

ಉಳಿದ ಎಂಟರಲ್ಲಿ ನಾಲ್ಕನ್ನಾದರೂ ಮಾರಿಬಿಡಿ. ಬಂದ ದುಡ್ಡಿನಲ್ಲಿ ಈ ಒಂದಕ್ಕೆ ಒಳ್ಳೆಯ ಗಾಲಿ ಕೊಳ್ಳಿ.

ಪ್ರಶ್ನೆ: ಕಾಲೇಜಿನ ಸೀನಿಯರ್ ಒಬ್ಬರು ಬಿಟ್ಟುಹೋದ ಹಿತ್ತಾಳೆ ಕಿಟ್ ನನ್ನ ಕೈ ಸೇರಿದೆ. ಆರು ಗಾಲಿಯ ಚಾಸಿ ಜೋಡಿಸಿದ್ದೇನೆ. ರಾಡ್ ಇಲ್ಲದಿದ್ದರೆ ಬೆಣ್ಣೆಯಂತೆ ಉರುಳುತ್ತದೆ. ರಾಡ್ ಹಾಕಿದರೆ ಪ್ರತಿ ಸುತ್ತಿಗೆ ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಜೊತೆಗೆ ಬಂದ ಹಳೆಯ ಮೋಟರು ಬಿಸಿಯಾಗುತ್ತದೆ, ತಿರುಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಮೋಟರು ಹಾಕಬಹುದೇ?
— ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೋಟರಿನ ಮಾತು ಆಮೇಲೆ. ಕುಂಟುವ ಚಾಸಿಗೆ ಎಂಥ ಮೋಟರು ಹಾಕಿದರೂ ಅದು ಜೋರಾಗಿ ಕುಂಟುತ್ತದೆ, ಅಷ್ಟೇ.

ನಿಜವಾದ ಉಗಿ ಎಂಜಿನ್‌ನಲ್ಲಿ ಎಡಗಡೆಯ ಕ್ರ್ಯಾಂಕ್ ಪಿನ್ ಮತ್ತು ಬಲಗಡೆಯ ಕ್ರ್ಯಾಂಕ್ ಪಿನ್ ಒಂದಕ್ಕೊಂದು 90 ಡಿಗ್ರಿ ಹೊರಳಿ ಕೂತಿರುತ್ತವೆ. ಒಂದು ಕಡೆಯ ಪಿಸ್ಟನ್ ತುದಿ ಮುಟ್ಟಿ ಬಲ ಕಳೆದುಕೊಂಡಾಗ ಇನ್ನೊಂದು ಕಡೆಯದು ನಡುದಾರಿಯಲ್ಲಿ ಪೂರ್ತಿ ಬಲದಲ್ಲಿರಲಿ ಎಂದು ಈ ಏರ್ಪಾಡು. ಇದಕ್ಕೆ ಕ್ವಾರ್ಟರಿಂಗ್ ಎನ್ನುತ್ತಾರೆ. ನಿಮ್ಮ ಮಾದರಿಯಲ್ಲಿ ಪಿಸ್ಟನ್ ಏನನ್ನೂ ನೂಕುವುದಿಲ್ಲವಾದ್ದರಿಂದ ಕೋನ ಕರಾರುವಾಕ್ಕಾಗಿ 90 ಇರಬೇಕಿಲ್ಲ. 88 ಆದರೂ ನಡೆದೀತು. ಆದರೆ ಮೂರೂ ಅಚ್ಚುಗಳಲ್ಲಿ ಅದೇ 88 ಇರಬೇಕು. ಒಂದರಲ್ಲಿ 88, ಪಕ್ಕದ್ದರಲ್ಲಿ 91 ಆಯಿತೋ, ರಾಡು ಸಿಕ್ಕಿಕೊಳ್ಳುತ್ತದೆ.

ದೋಷ ಎಲ್ಲಿದೆ ಎಂದು ಹಿಡಿಯಲು ಒಂದು ಕ್ರಮವಿದೆ. ಮೋಟರು, ಗೇರು ಎರಡನ್ನೂ ಬಿಚ್ಚಿಡಿ. ಬಲಗಡೆಯ ರಾಡ್ ಮಾತ್ರ ಹಾಕಿ ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಸಲೀಸೇ? ಅದನ್ನು ತೆಗೆದು ಎಡಗಡೆಯದು ಮಾತ್ರ ಹಾಕಿ ನೋಡಿ. ಒಂದೊಂದೇ ಇದ್ದಾಗ ಸಲೀಸು, ಎರಡೂ ಸೇರಿದಾಗ ಗಕ್ಕನೆ ನಿಂತರೆ ತಪ್ಪು ಕ್ವಾರ್ಟರಿಂಗ್‌ನದು. ಒಂದು ಕಡೆಯದೊಂದೇ ಇದ್ದಾಗಲೂ ಸಿಕ್ಕಿಕೊಂಡರೆ, ಆ ರಾಡಿನ ತೂತುಗಳ ನಡುವಿನ ಅಂತರಕ್ಕೂ ಅಚ್ಚುಗಳ ನಡುವಿನ ಅಂತರಕ್ಕೂ ತಾಳೆಯಾಗುತ್ತಿಲ್ಲ ಎಂದರ್ಥ. ಆಗ ಸಿಕ್ಕಿಕೊಳ್ಳುವ ತೂತನ್ನು ಬ್ರೋಚ್ ಹಾಕಿ ಕೂದಲೆಳೆಯಷ್ಟು ಬಿಡಿಸಿ, ಮತ್ತೆ ತಿರುಗಿಸಿ ನೋಡಿ, ಬೇಕಾದರೆ ಇನ್ನೊಂದು ಕೂದಲೆಳೆ. ಒಂದೇ ಸಲ ದೊಡ್ಡದು ಮಾಡಿದರೆ ಹಿಂತಿರುಗುವ ದಾರಿಯಿಲ್ಲ.

ಕ್ವಾರ್ಟರಿಂಗ್ ಸರಿಪಡಿಸುವಾಗ ಮೂರನ್ನೂ ಒಟ್ಟಿಗೆ ತಿರುಚಲು ಹೋಗಬೇಡಿ. ಗೇರ್ ಕೂರುವ ಅಚ್ಚನ್ನು ಪ್ರಮಾಣ ಎಂದಿಟ್ಟುಕೊಳ್ಳಿ. ಅದನ್ನು ಇನ್ನು ಮುಟ್ಟುವಂತಿಲ್ಲ. ಚಾಸಿಯನ್ನು ಪಕ್ಕದಿಂದ ಕಣ್ಣಿನ ಮಟ್ಟಕ್ಕೆ ಹಿಡಿದು, ಗಾಲಿಯ ಕಡ್ಡಿಗಳ ಸಂದಿಯಿಂದ ಆಚೆಯ ಗಾಲಿಯ ಕಡ್ಡಿಗಳನ್ನು ನೋಡಿ. ಪ್ರಮಾಣದ ಅಚ್ಚಿನಲ್ಲಿ ಈಚೆಯ ಕಡ್ಡಿಗಳು ಆಚೆಯವನ್ನು ಎಲ್ಲಿ ಮುಚ್ಚುತ್ತವೆಯೋ ಮುಂದಿನ ಅಚ್ಚಿನಲ್ಲೂ ಅಲ್ಲೇ ಮುಚ್ಚಬೇಕು. ಕಣ್ಣು ಇದನ್ನು ಎಷ್ಟು ನಿಖರವಾಗಿ ಹಿಡಿಯುತ್ತದೆ ಎನ್ನುವುದು ಮಾಡಿದವರಿಗೇ ಗೊತ್ತು. ಎರಡು ಅಚ್ಚು ಸಲೀಸಾಗಿ ತಿರುಗಿದ ಮೇಲೆಯೇ ಮೂರನೆಯದಕ್ಕೆ ಕೈ ಹಾಕಿ. ಇಷ್ಟೆಲ್ಲ ರಗಳೆ ಬೇಡ ಎನ್ನುವವರಿಗೆ ರೊಮ್‌ಫರ್ಡ್ ಮಾದರಿಯ ಗಾಲಿಗಳಿವೆ. ಅವುಗಳ ಅಚ್ಚಿನ ತುದಿ ಚೌಕವಾಗಿರುವುದರಿಂದ ಕೋನ ತಾನೇ ಕೂಡಿಬರುತ್ತದೆ.

ಪರೀಕ್ಷೆಗೆ ಒಂದು ಗಾಜಿನ ಹಲಗೆ ಸಾಕು. ಸಮತಟ್ಟಾಗಿಟ್ಟು ಚಾಸಿ ನಿಲ್ಲಿಸಿ. ಆರೂ ಗಾಲಿ ನೆಲ ಮುಟ್ಟುತ್ತವೆಯೋ ಒಂದು ಗಾಳಿಯಲ್ಲಿದೆಯೋ ಕೂಡಲೇ ತಿಳಿಯುತ್ತದೆ. ಆಮೇಲೆ ಒಂದು ತುದಿಗೆ ಪುಸ್ತಕ ಕೊಟ್ಟು ಇಳಿಜಾರು ಮಾಡಿ. ರಾಡುಗಳ ಸಮೇತ ಚಾಸಿ ತನ್ನಷ್ಟಕ್ಕೆ ಉರುಳಿ ಕೆಳಗೆ ಬರಬೇಕು. ಬರುವವರೆಗೆ ಮೋಟರು ಎಂಬ ಶಬ್ದವನ್ನೇ ಎತ್ತಬೇಡಿ.

ಬಂತೇ? ಸರಿ, ಈಗ ಎಸ್.ಪಿ. ರಸ್ತೆಗೆ ಹೋಗಿ. ರೋಬಾಟ್ ಮಾಡುವ ಹುಡುಗರು ಬಳಸುವ ಎನ್20 ಗೇರ್ ಮೋಟರು ಕೇಳಿ, 12 ವೋಲ್ಟಿನದು. ಅಡ್ಡಗಾತ್ರ ಸುಮಾರು 12 × 10 ಮಿ.ಮೀ., ಹಾಗಾಗಿ ಪುಟ್ಟ ಎಂಜಿನ್ನಿನ ಬಾಯ್ಲರಿನೊಳಗೂ ಕೂರುತ್ತದೆ. ಅಂಗಡಿಯವರು ‘ಎಷ್ಟು ಆರ್‌ಪಿಎಂ?’ ಎನ್ನುತ್ತಾರೆ. ಲೆಕ್ಕ ನೀವೇ ಮಾಡಿಕೊಂಡು ಹೋಗಿ. ಓಓ ಅಳತೆಯಲ್ಲಿ ನಾಲ್ಕು ಅಡಿಯ ಗಾಲಿ 16 ಮಿ.ಮೀ. ಆಗುತ್ತದೆ, ಸುತ್ತಳತೆ ಸುಮಾರು 50 ಮಿ.ಮೀ. ಗಾಲಿ ನಿಮಿಷಕ್ಕೆ 100 ಸುತ್ತು ತಿರುಗಿದರೆ ಸೆಕೆಂಡಿಗೆ 8 ಸೆಂ.ಮೀ.ಗಿಂತ ತುಸು ಹೆಚ್ಚು ಓಡಿತು, ಓಓ ಎಂದರೆ ನಿಜದ 76.2ರಲ್ಲೊಂದು ಪಾಲಾದ್ದರಿಂದ 76.2ರಿಂದ ಗುಣಿಸಿದರೆ ನಿಜವಾದ ರೈಲಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 23 ಕಿ.ಮೀ. ಯಾರ್ಡಿನಲ್ಲಿ ವ್ಯಾಗನ್ ತಳ್ಳುವ ಎಂಜಿನ್ನಿಗೆ ಇದೇ ಧಾರಾಳ. ಅದಕ್ಕೆ 100ರಿಂದ 150ರ ಒಳಗಿನದು ತನ್ನಿ. ಅದರೊಳಗೇ ಗೇರುಗಳಿರುವುದರಿಂದ ಮತ್ತೊಂದು ವರ್ಮ್ ಗೇರ್ ಹಾಕಬೇಡಿ, ಎಂಜಿನ್ ಬಸವನಹುಳುವಾಗುತ್ತದೆ. ದಿಕ್ಕು ತಿರುಗಿಸಲು ಸಮ ಹಲ್ಲಿನ ಬೆವೆಲ್ ಗೇರ್ ಜೋಡಿ ಸಾಕು.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡ ಮೇಲೆ ಅವರ ಮೇಜಿನ ಖಾನೆಯಲ್ಲಿ ಒಂದು ಪುಟ್ಟ ರೈಲ್ವೆ ಎಂಜಿನ್ ಸಿಕ್ಕಿತು. ಸೀಸದಂತೆ ಭಾರ. ಮೇಲ್ಭಾಗವನ್ನು ಅರಾಲ್ಡೈಟ್ ಹಾಕಿ ಅಂಟಿಸಿದ್ದಾರೆ, ಚಾವಣಿ ಸೊಟ್ಟಗೆ ಕೂತಿದೆ. ಕೆಲವು ಕಡೆ ಬೆಸುಗೆಯೂ ಇದೆ. ಏಳನೇ ಇಯತ್ತೆಯ ಮೊಮ್ಮಗಳು ‘ಅಜ್ಜನದು ನಾವು ಮುಗಿಸೋಣ’ ಅಂತಾಳೆ. ಸೊಟ್ಟ ಇದ್ದದ್ದು ಬಿಚ್ಚಲಿಕ್ಕೆ ಬರ್ತದೇನು?
— ಓದುಗರು, ಧಾರವಾಡ

ಉತ್ತರ: ಧಾರಾಳವಾಗಿ ಬರುತ್ತದೆ, ಅಮ್ಮಾ. ಭಾರ ನೋಡಿದರೆ ಅದು ವೈಟ್‌ಮೆಟಲ್: ತವರ, ಆಂಟಿಮನಿ ಸೇರಿದ ಎರಕ, ಹಳೆಯ ಕಿಟ್‌ಗಳಲ್ಲಿ ಸೀಸವೂ ಇರುತ್ತದೆ.

ಬಿಚ್ಚಲು ಬೇಕಾದ್ದು ಕುದಿಯುವ ನೀರು. ಮೋಟರು, ಗಾಲಿ, ಪ್ಲಾಸ್ಟಿಕ್ಕಿನ ಭಾಗಗಳೇನಾದರೂ ಇದ್ದರೆ ಮೊದಲು ತೆಗೆದಿಡಿ. ಒಂದು ಹಳೆಯ ಡಬ್ಬಿಯಲ್ಲಿ ಬರೀ ಮೇಲ್ಭಾಗವನ್ನಿಟ್ಟು ಕುದಿನೀರು ಹೊಯ್ಯಿರಿ. ಅರಾಲ್ಡೈಟ್ ಮೆತ್ತಗಾಗಿ ಚಿಮಟ ಹಾಕಿ ಎಬ್ಬಿದರೆ ಬಿಡುತ್ತದೆ. ಬೆಸುಗೆ ಹಾಕಿದ ಕಡೆ ಇನ್ನೂ ಸುಲಭ: ವೈಟ್‌ಮೆಟಲ್‌ಗೆಂದು ಬಳಸುವ ಬೆಸುಗೆ 70 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ನೀರು ಕುದಿಯುವುದು 100ಕ್ಕೆ. ಹಾಗಾಗಿ ಆ ಕೂಡುಗಳು ತಾವೇ ಬಿಟ್ಟುಕೊಂಡು ಡಬ್ಬಿಯ ತಳಕ್ಕೆ ಬೆಳ್ಳಿಯ ಹನಿಗಳಾಗಿ ಇಳಿಯುತ್ತವೆ. ಎರಕದ ತುಂಡುಗಳು ಕರಗಲು ಇದಕ್ಕಿಂತ ಬಹಳ ಹೆಚ್ಚು ಶಾಖ ಬೇಕು, ಅವಕ್ಕೆ ಏನೂ ಆಗುವುದಿಲ್ಲ. ಎಲ್ಲೋ ಫೆವಿಕ್ವಿಕ್ ಥರದ್ದು ಹಾಕಿದ್ದರೆ ಅಸಿಟೋನಿನಲ್ಲಿ ಒಂದು ರಾತ್ರಿ ನೆನೆಸಿ.

ಎರಡು ಮಾತು ಕಟ್ಟುನಿಟ್ಟಾಗಿ ಕೇಳಬೇಕು. ಆ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಕೂಡದು. 70 ಡಿಗ್ರಿಯ ಬೆಸುಗೆಯಲ್ಲಿ ಬಿಸ್ಮತ್, ಸೀಸ, ಕೆಲವದರಲ್ಲಿ ಕ್ಯಾಡ್ಮಿಯಂ ಕೂಡ ಇರುತ್ತದೆ. ಎಲ್ಲವೂ ಹೊಟ್ಟೆಗೆ ಸಲ್ಲದವು. ಆ ನೀರನ್ನು ಗಿಡಕ್ಕೂ ಹಾಕಬೇಡಿ. ಮತ್ತೆ, ಮೊಮ್ಮಗಳು ಅರ ಹಿಡಿದು ಉಜ್ಜುವುದಾದರೆ ಒದ್ದೆ ಮಾಡಿಕೊಂಡು ಉಜ್ಜಲಿ, ಪುಡಿ ಹಾರಬಾರದು. ಕೆಲಸದ ನಡುವೆ ಚುರುಮುರಿ ಬೇಡ, ಮುಗಿದ ಮೇಲೆ ಇಬ್ಬರೂ ಸೋಪು ಹಾಕಿ ಕೈ ತೊಳೆಯಿರಿ.

ಮರುಜೋಡಣೆಗೆ ಬೆಸುಗೆ ಕಲಿಯಬೇಕೆಂದಿಲ್ಲ. ಅರಾಲ್ಡೈಟೇ ಸಾಕು, ಆದರೆ ಬೇಗ ಗಟ್ಟಿಯಾಗುವುದು ಬೇಡ, ನಿಧಾನದ್ದು ತನ್ನಿ. ಸೊಟ್ಟವಾದದ್ದನ್ನು ಸರಿಸಲು ಸಮಯ ಕೊಡುತ್ತದೆ. ಚಾವಣಿಯನ್ನು ಮಾತ್ರ ಅಂಟಿಸದೆ ಹಾಗೇ ಕೂರಿಸಿ; ಒಳಗೆ ಡ್ರೈವರನ ಬೊಂಬೆ ಇಡಲು ಮೊಮ್ಮಗಳು ಕೇಳೇ ಕೇಳುತ್ತಾಳೆ.

ಪ್ರಶ್ನೆ: ಹಳಿಯ ಮೇಲಿಟ್ಟ ತಕ್ಷಣ ಕಂಟ್ರೋಲರ್ ಕಟ್ಟಾಗುತ್ತದೆ. ಎತ್ತಿದರೆ ಸರಿಹೋಗುತ್ತದೆ. ಲೋಹದ ಕಿಟ್.
— ಓದುಗರು, ತುಮಕೂರು

ಉತ್ತರ: ಶಾರ್ಟ್ ಆಗುತ್ತಿದೆ. ಎರಡು ಹಳಿಗಳಲ್ಲಿ ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್ ಇರುತ್ತದೆ. ಎರಡೂ ಹಿತ್ತಾಳೆ ಫ್ರೇಮಿನಲ್ಲಿ ಎಲ್ಲೋ ಭೇಟಿಯಾಗುತ್ತಿವೆ. ಮಲ್ಟಿಮೀಟರನ್ನು ‘ಬೀಪ್’ ಗುಂಡಿಗೆ ತಿರುಗಿಸಿ, ಒಂದು ಕಡ್ಡಿ ಫ್ರೇಮಿಗೆ, ಇನ್ನೊಂದನ್ನು ಇನ್ಸುಲೇಷನ್ ಇರುವ ಒಂದೊಂದೇ ಗಾಲಿಗೆ ಮುಟ್ಟಿಸುತ್ತಾ ಹೋಗಿ. ಕೂಗಿದ ಗಾಲಿ ಕಳ್ಳ. ಹತ್ತರಲ್ಲಿ ಎಂಟು ಸಲ ಬ್ರೇಕ್ ಬ್ಲಾಕ್ ಗಾಲಿಯ ಅಂಚಿಗೆ ತಗುಲಿರುತ್ತದೆ. ಆ ಬ್ಲಾಕುಗಳನ್ನು ಕತ್ತರಿಸಿ ಎಸೆದರೂ ನೋಡುವವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಚಪ್ಪಲಿ ಸ್ಟ್ಯಾಂಡಿನ ಮೇಲೆ ನಾಲ್ಕಡಿ ಉದ್ದ, ಒಂದಡಿ ಅಗಲದ ಜಾಗ ಮಾತ್ರ ಸಿಗಬಹುದು. ಇಷ್ಟರಲ್ಲಿ ರೈಲು ಹಿಂದೆ ಮುಂದೆ ಹೋಗುವುದನ್ನು ಬಿಟ್ಟು ಇನ್ನೇನಾದರೂ ಮಾಡಲು ಸಾಧ್ಯವೇ? ಎರಡೇ ದಿನಕ್ಕೆ ಬೇಜಾರಾಗುತ್ತದೆಂಬ ಭಯ.
— ಓದುಗರು, ರಾಜಾಜಿನಗರ

ಉತ್ತರ: ನೀವು ಹೇಳಿದ ಅಳತೆಗೆಂದೇ ಹೊಲಿದಂಥ ನಕ್ಷೆಯೊಂದಿದೆ. ಬ್ರಿಟನ್ನಿನ ಅಲನ್ ರೈಟ್ ಎಂಬುವರು ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’. ಎರಡು ಪಾಯಿಂಟ್, ಮೂರು ಸೈಡಿಂಗ್, ಒಂದು ಎಂಜಿನ್, ಎಂಟು ವ್ಯಾಗನ್. ಗುಂಡಗೆ ಸುತ್ತುವ ಹಳಿಯಿಲ್ಲ.

ಉದ್ದದ ಸೈಡಿಂಗಿನಲ್ಲಿ ಐದು ವ್ಯಾಗನ್ ಹಿಡಿಸಬೇಕು, ಉಳಿದೆರಡರಲ್ಲಿ ಮೂರು ಮೂರು. ಇನ್ನೊಂದು ತುದಿಯ ಕುರುಡು ಹಳಿಯಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ನಿಗೆ ಮಾತ್ರ ಜಾಗ. ಆಟ ಶುರುವಾದಾಗ ಉದ್ದದ ಸೈಡಿಂಗಿನಲ್ಲಿ ಐದು, ಗಿಡ್ಡದೊಂದರಲ್ಲಿ ಮೂರು ನಿಂತಿರುತ್ತವೆ, ಇನ್ನೊಂದು ಖಾಲಿ. ವ್ಯಾಗನ್ನುಗಳಿಗೆ 1ರಿಂದ 8ರವರೆಗೆ ಅಂಕಿ ಕೊಟ್ಟು, ತಂಬೋಲದ ಬಿಲ್ಲೆಗಳಲ್ಲಿ ಅದೇ ಎಂಟನ್ನು ಚೀಲಕ್ಕೆ ಹಾಕಿ ಐದನ್ನು ಎತ್ತಿ. ಬಂದ ಐದು ವ್ಯಾಗನ್‌ಗಳು ಬಂದ ಕ್ರಮದಲ್ಲೇ ಉದ್ದದ ಸೈಡಿಂಗಿನಲ್ಲಿ ಸಾಲಾಗಿ ನಿಲ್ಲಬೇಕು. ಕೈಯಿಂದ ಎತ್ತಿಡುವಂತಿಲ್ಲ, ಎಂಜಿನ್ನೇ ಎಳೆದು ತಳ್ಳಿ ಮಾಡಬೇಕು. ಎಷ್ಟು ಬಗೆಯ ಸಾಲು ಬರಬಹುದು? 8 × 7 × 6 × 5 × 4 ಅಂದರೆ 6,720. ದಿನಕ್ಕೊಂದರಂತೆ ಆಡಿದರೂ ಹದಿನೆಂಟು ವರ್ಷ ದಾಟುತ್ತದೆ. ಬೇಜಾರಿನ ಮಾತು ಅಲ್ಲಿಗೆ ಬಿಡೋಣ.

ಹಳಿಯ ಲೆಕ್ಕ ಹೀಗೆ. ಓಓ ಅಳತೆಯ ನಾಲ್ಕು ಗಾಲಿಯ ವ್ಯಾಗನ್ ಕೊಂಡಿ ಸೇರಿ ಸುಮಾರು 8.5 ಸೆಂ.ಮೀ. ಐದಕ್ಕೆ 43, ಮೂರಕ್ಕೆ 26. ಪುಟ್ಟ ಎಂಜಿನ್ 10. ಪಾಯಿಂಟ್ ಒಂದಕ್ಕೆ 17ರಿಂದ 18. ಎಂಜಿನ್ ತಂಗುವ ಕುರುಡು ಹಳಿ 36, ಮೊದಲ ಪಾಯಿಂಟ್ 18, ಉದ್ದದ ಸೈಡಿಂಗ್ 43: ಒಟ್ಟು 97. ನಿಮ್ಮ ನಾಲ್ಕಡಿಯಲ್ಲಿ ಇನ್ನೂ ಒಂದು ಗೇಣು ಉಳಿಯಿತು; ಅದನ್ನು ಮೂರೂ ಸೈಡಿಂಗಿನ ತುದಿಗಳಿಗೆ ಹಂಚಿ. ಕುರುಡು ಹಳಿಯನ್ನು ಮಾತ್ರ ಉದ್ದ ಮಾಡಬೇಡಿ. ಅಲ್ಲಿ ನಾಲ್ಕನೇ ವ್ಯಾಗನ್ ಹಿಡಿಸಿತೆಂದರೆ ಒಗಟೇ ಸಪ್ಪೆಯಾಗುತ್ತದೆ. ಅದನ್ನು ಬೇಕೆಂದೇ ಸಾಲದಂತೆ ಇಡಬೇಕು.

ಈ ನಕ್ಷೆ ನನಗೆ ಇಷ್ಟವಾಗಲು ಇನ್ನೊಂದು ಕಾರಣವೂ ಇದೆ. ಇಲ್ಲಿ ಎಂಜಿನ್ ಮೆಲ್ಲಗೆ ಹೋಗಬೇಕು, ಬೇಕಾದಲ್ಲಿ ನಿಲ್ಲಬೇಕು, ಮತ್ತೆ ಎಳೆತವಿಲ್ಲದೆ ಹೊರಡಬೇಕು. ಗುಂಡು ಹಳಿಯಲ್ಲಿ ಓಡುವ ರೈಲಿನ ಚಾಸಿಯ ಹುಳುಕು ವೇಗದಲ್ಲಿ ಮುಚ್ಚಿಹೋಗುತ್ತದೆ, ಇಲ್ಲಿ ಮುಚ್ಚುವುದಿಲ್ಲ. ನಿಜವಾದ ಶಂಟಿಂಗಿನ ಗಂಟೆಗೆ 10 ಕಿ.ಮೀ. ವೇಗ ನಿಮ್ಮ ಹಲಗೆಯ ಮೇಲೆ ಸೆಕೆಂಡಿಗೆ 3.6 ಸೆಂ.ಮೀ. ಈ ತುದಿಯಿಂದ ಆ ತುದಿಗೆ ಅರ್ಧ ನಿಮಿಷ ಹಿಡಿಯಬೇಕು. ಹಾಗೆ ಓಡುವ ಎಂಜಿನ್ ಕಟ್ಟಿದವರಿಗೆ ಮುಂದಿನ ಕಿಟ್ ಕಷ್ಟವೆನಿಸುವುದಿಲ್ಲ.

ಸಣ್ಣ ಜಾಗದ ಮೇಲೆ ಮನಸ್ಸು ಕೂತರೆ ಕಾರ್ಲ್ ಆರೆಂಟ್ ಅವರ ಪುಸ್ತಕಗಳನ್ನು ಹುಡುಕಿ. ನಾಲ್ಕು ಚದರಡಿಯೊಳಗಿನ ‘ಮೈಕ್ರೋ ಲೇಔಟ್’ಗಳಿಗೆ ಜಗತ್ತಿನಾದ್ಯಂತ ಗೌರವ ತಂದ ಅಮೆರಿಕನ್ನರು, 2011ರಲ್ಲಿ ತೀರಿಕೊಂಡರು. ನಿಮ್ಮ ಚಪ್ಪಲಿ ಸ್ಟ್ಯಾಂಡ್ ಅವರ ಲೆಕ್ಕದಲ್ಲಿ ಅರಮನೆಯೇ.

ಪ್ರಶ್ನೆ: ಅಣ್ಣನ ಮಗ ಹಳೆಯ ಏರ್‌ಫಿಕ್ಸ್ ‘ಈವ್ನಿಂಗ್ ಸ್ಟಾರ್’ ಪ್ಲಾಸ್ಟಿಕ್ ಕಿಟ್ ತಂದುಕೊಟ್ಟಿದ್ದಾನೆ. ಇದಕ್ಕೆ ಮೋಟರು ಹಾಕಿ ಓಡಿಸಬಹುದೇ?
— ಶಾಲಾ ಶಿಕ್ಷಕರು, ಹಾಸನ

ಉತ್ತರ: ಹಾಕಿದವರಿದ್ದಾರೆ. ನೀವು ಹಾಕಬೇಡಿ. ಹತ್ತು ಗಾಲಿಗಳನ್ನು ಒಂದೇ ರಾಡಿಗೆ ಕಟ್ಟಿದ ಎಂಜಿನ್ ಅದು. ಮೇಲೆ ದಾವಣಗೆರೆಯ ಹುಡುಗ ಆರಕ್ಕೇ ಬೆವರಿದ್ದಾನೆ, ನೋಡಿ.

ಈ ಸಾಲಿನ ಕಿಟ್‌ಗಳ ಮೂಲ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ರೋಸ್‌ಬಡ್ ಎಂಬ ಬೊಂಬೆ ಕಂಪನಿ 1959ರಲ್ಲಿ ‘ಕಿಟ್‌ಮಾಸ್ಟರ್’ ಹೆಸರಿನಲ್ಲಿ ಪ್ಲಾಸ್ಟಿಕ್ ಎಂಜಿನ್‌ಗಳನ್ನು ತರತೊಡಗಿತು. 1962ರಲ್ಲಿ ಅಚ್ಚುಗಳು ಏರ್‌ಫಿಕ್ಸ್ ಪಾಲಾದವು, ಮುಂದೆ ಡೇಪೋಲ್ ಕೈ ಸೇರಿದವು. ಈವ್ನಿಂಗ್ ಸ್ಟಾರ್ ಬ್ರಿಟಿಷ್ ರೈಲ್ವೇಸ್ ಕಟ್ಟಿದ ಕಟ್ಟಕಡೆಯ ಉಗಿ ಎಂಜಿನ್. 1960ರಲ್ಲಿ ಸ್ವಿಂಡನ್ನಿನಿಂದ ಹೊರಬಂತು. ನಮ್ಮಲ್ಲಿ ಬ್ರಾಡ್‌ಗೇಜಿನ ಆ ಸ್ಥಾನ 1970ರಲ್ಲಿ ಚಿತ್ತರಂಜನ್‌ನಲ್ಲಿ ತಯಾರಾದ ‘ಅಂತಿಮ್ ಸಿತಾರಾ’ಗೆ.

ಅದನ್ನು ಕಟ್ಟಿ, ಮಸಿ ಬಳಿದು, ತುಕ್ಕಿನ ಬಣ್ಣ ಹಚ್ಚಿ, ಸೈಡಿಂಗಿನ ಮೂಲೆಯಲ್ಲಿ ಗುಜರಿಗೆ ಹೋಗಲು ಕಾದ ಎಂಜಿನ್ನಾಗಿ ನಿಲ್ಲಿಸಿ. ಮುಗಿದ ಕಿಟ್‌ಗಳ ಪಟ್ಟಿಗೆ ಒಂದು ಸೇರಿತು.

ಪ್ರಶ್ನೆ: ನಮ್ಮ ತಂದೆ ಚಿಕ್ಕಬಳ್ಳಾಪುರದ ಸಣ್ಣ ರೈಲಿನಲ್ಲಿ ಓಡಾಡಿದವರು. ಆ ನ್ಯಾರೋಗೇಜ್ ರೈಲನ್ನು ಪುಟ್ಟದಾಗಿ ಮಾಡಬೇಕೆಂದಿದ್ದೇನೆ. ಆದರೆ ಅಂಗಡಿಯಲ್ಲಿ ಸಿಗುವುದೆಲ್ಲ ವಿದೇಶಿ ಅಳತೆ. ನಮ್ಮ ಗೇಜಿಗೆ ಹೊಂದುವ ಹಳಿ ಸಿಗುತ್ತದೆಯೇ?
— ಓದುಗರು, ಕೋಲಾರ

ಉತ್ತರ: ನಿಮಗೆ ಅದೃಷ್ಟವಿದೆ. ಬ್ರಾಡ್‌ಗೇಜ್ ಮಾಡಲು ಹೊರಟವರೇ ನಿಜವಾಗಿ ಒದ್ದಾಡುವವರು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ.; ಎಚ್‌ಓ ಅಳತೆ ಅಂದರೆ 1:87, ಹಾಗಾಗಿ 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಆದರೆ ಎಚ್‌ಓ ಅಳತೆಯ ಸಿದ್ಧ ಹಳಿಯ ಅಗಲ 16.5 ಮಿ.ಮೀ. ಅದರ ಮೇಲೆ ನಮ್ಮ ಎಂಜಿನ್ ನಿಲ್ಲಿಸಿದರೆ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ.

ಯಶವಂತಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರ, ಬಂಗಾರಪೇಟೆಯ ಆ ಹಳೆಯ ಸಾಲು 762 ಮಿ.ಮೀ. 1:87ರಲ್ಲಿ ಅದು 8.76 ಆಗುತ್ತದೆ. ಎನ್ ಅಳತೆಯ ಹಳಿ 9 ಮಿ.ಮೀ. ಇರುತ್ತದೆ. ವ್ಯತ್ಯಾಸ ಕಾಲು ಮಿಲಿಮೀಟರ್. ಕಣ್ಣಿಗೆ ಕಾಣುವ ಮಾತೇ ಇಲ್ಲ. ಯೂರೋಪಿನವರು ತಮ್ಮ 750–760 ಮಿ.ಮೀ. ರೈಲುಗಳನ್ನು ಇದೇ ಹಳಿಯ ಮೇಲೆ ಎಚ್‌ಓಇ ಎಂಬ ಹೆಸರಿನಲ್ಲಿ ಓಡಿಸುತ್ತಾರೆ. ಮೀಟರ್‌ಗೇಜ್ ಪ್ರಿಯರಿಗೂ ದಾರಿಯಿದೆ: 1,000 ಮಿ.ಮೀ. ಎಂದರೆ 11.5, ಸ್ವಿಸ್ ಮೀಟರ್‌ಗೇಜ್ ಮಾದರಿಗಳಿಗಾಗಿ 12 ಮಿ.ಮೀ. ಹಳಿ ಸಿಗುತ್ತದೆ.

ನೀವು ಗಾಲಿ, ರಾಡು, ಕ್ವಾರ್ಟರಿಂಗ್‌ನ ಗೋಜಿಗೂ ಹೋಗಬೇಕಿಲ್ಲ. ಜಪಾನಿನ ಕಾಟೋ ಕಂಪನಿ ಎನ್ ಅಳತೆಗಾಗಿ ನಾಲ್ಕು ಗಾಲಿಯ ಪುಟ್ಟ ಮೋಟರು ಚಾಸಿಗಳನ್ನು ಮಾರುತ್ತದೆ. ಅದರ ಮೇಲೆ 1:87ರ ಡೀಸೆಲ್ ಶಂಟರಿನ ಮೇಲ್ಭಾಗವನ್ನು 0.5 ಮಿ.ಮೀ. ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಕಟ್ಟಿ. ಉಗಿ ಎಂಜಿನ್ ಆಸೆ ಎರಡನೆಯ ಸಲಕ್ಕಿರಲಿ. ತಂದೆಯವರು ಎಂಜಿನ್ನಿಗಿಂತ ಮೊದಲು ನೋಡುವುದು ಸ್ಟೇಷನ್ನನ್ನು, ಅದು ನೆನಪಿರಲಿ. ಹಳಿ ಬ್ರಾಡ್‌ಗೇಜಾಗಿದ್ದರೂ ದೊಡ್ಡಜಾಲ, ದೇವನಹಳ್ಳಿ, ನಂದಿ ಹಾಲ್ಟ್‌ನ ಹಳೆಯ ಪುಟ್ಟ ಕಟ್ಟಡಗಳು ಇನ್ನೂ ನಿಂತಿವೆ. ಟೇಪು ಹಿಡಿದು ಒಂದು ಬೆಳಗ್ಗೆ ಹೋಗಿ ಬನ್ನಿ. ಬಾಗಿಲಿನ ಎತ್ತರ, ಕಿಟಕಿಯ ಅಗಲ, ಗೋಡೆಯ ಉದ್ದ ಬರೆದುಕೊಂಡು ಎಲ್ಲವನ್ನೂ 87ರಿಂದ ಭಾಗಿಸಿ. ಏಳಡಿಯ ಬಾಗಿಲು 24.5 ಮಿ.ಮೀ. ಆಗುತ್ತದೆ, ತಂದೆಯವರ ಬೊಂಬೆ ಹೆಚ್ಚು ಕಡಿಮೆ 19. ಫೋಟೊ ತೆಗೆಯುವಾಗ ಟೇಪನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟುಕೊಂಡೇ ತೆಗೆಯಿರಿ. ಅಳೆಯಲು ಮರೆತದ್ದನ್ನು ಮನೆಯಲ್ಲಿ ಕೂತು ಅಳೆಯಬಹುದು.

ಪ್ರಶ್ನೆ: ಕರಾವಳಿಯಲ್ಲಿ ಈ ಹವ್ಯಾಸವೇ ಬೇಡವೆನಿಸಿದೆ. ಎಂಡಿಎಫ್ ಹಲಗೆ ಮಳೆಗಾಲದಲ್ಲಿ ಉಬ್ಬಿ ಪಾಯಿಂಟು ಕೂಡುತ್ತಿಲ್ಲ. ಬೆಸುಗೆ ಹಾಕಿದ ಹಿತ್ತಾಳೆ ಹಸಿರುಗಟ್ಟಿದೆ. ಸ್ಪ್ರೇ ಬಣ್ಣ ಹೊಡೆದರೆ ಬಿಳಿ ಮಂಜು ಕವಿದ ಹಾಗೆ ಆಯಿತು.
— ಓದುಗರು, ಮಂಗಳೂರು

ಉತ್ತರ: ಮೂರಕ್ಕೂ ಮಳೆಯನ್ನೇ ಬೈಯಬೇಡಿ, ಹಸಿರುಗಟ್ಟಿದ್ದರಲ್ಲಿ ಅದರ ಪಾಲು ಕಡಿಮೆ. ಅದು ಫ್ಲಕ್ಸ್. ಹಿತ್ತಾಳೆಗೆ ಬಳಸುವ ಫಾಸ್ಫಾರಿಕ್ ಆಮ್ಲದ ಫ್ಲಕ್ಸನ್ನು ಅಂದಂದೇ ತೊಳೆಯದಿದ್ದರೆ ಅದು ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ. ದಿನದ ಬೆಸುಗೆ ಮುಗಿದ ಕೂಡಲೇ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಶ್. ಒಣಗಿಸಿಯೇ ಪೆಟ್ಟಿಗೆಗೆ ಹಾಕಿ. ಈಗಾಗಲೇ ಹಸಿರಾದದ್ದನ್ನು ಗ್ಲಾಸ್ ಫೈಬರ್ ಪೆನ್ನಿನಿಂದ ಉಜ್ಜಿದರೆ ಹೋಗುತ್ತದೆ. ಅದರ ಎಳೆ ಬೆರಳಿಗೆ ಚುಚ್ಚುತ್ತದೆ, ಗ್ಲೌಸ್ ಹಾಕಿಕೊಳ್ಳಿ.

ಎಂಡಿಎಫ್ ನಿಮ್ಮ ಊರಿಗೆ ಆಗಿಬರುವುದಲ್ಲ. 9 ಮಿ.ಮೀ. ಮರೈನ್ ಪ್ಲೈವುಡ್ ತಂದು, ಮೇಲೆ, ಕೆಳಗೆ, ಅದಕ್ಕಿಂತ ಮುಖ್ಯವಾಗಿ ಕೊಯ್ದ ಅಂಚುಗಳಿಗೆ ಎರಡು ಕೈ ವಾರ್ನಿಷ್ ಕೊಡಿ. ನೀರು ಕುಡಿಯುವುದು ಅಂಚಿನಿಂದಲೇ. ಬಣ್ಣಕ್ಕೆ ಮಂಜು ಕವಿದದ್ದು ಮಾತ್ರ ಮಳೆಯದೇ ತಪ್ಪು: ಸ್ಪ್ರೇಯ ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ದೀಪಾವಳಿ ಕಳೆದ ಮೇಲೆ ಹೊಡೆಯಿರಿ. ಅಲ್ಲಿಯವರೆಗೆ ಚಾಸಿಯ ಕೆಲಸ ಬಾಕಿಯಿದ್ದೇ ಇರುತ್ತದಲ್ಲ.

ಪ್ರಶ್ನೆ: ನನ್ನ ಮೊದಲ ಎಂಜಿನ್‌ಗೇ ಡಿಜಿಟಲ್ ಕಂಟ್ರೋಲ್ ಹಾಕಿಸಲೇ? 25 ವ್ಯಾಟ್ ಸೋಲ್ಡರಿಂಗ್ ಐರನ್ ಸಾಕೇ? ಒಳ್ಳೆಯ ಮಾದರಿ ರೈಲು ನೋಡಲು ಎಲ್ಲಿಗೆ ಹೋಗಬೇಕು?
— ಪಿಯುಸಿ ವಿದ್ಯಾರ್ಥಿ, ಬೆಳಗಾವಿ

ಉತ್ತರ: ಡಿಜಿಟಲ್ ಬೇಡ. ಒಂದೇ ಹಳಿಯಲ್ಲಿ ಹಲವು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸುವವರಿಗೆ ಅದು; ನಿನ್ನ ಬಳಿ ಇರುವುದು ಒಂದು. 25 ವ್ಯಾಟ್ ವೈರಿಂಗಿಗೆ ಸಾಕು, ಹಿತ್ತಾಳೆ ತಗಡಿಗೆ ಸಾಲದು. ತಗಡು ಶಾಖವನ್ನೆಲ್ಲ ಎಳೆದುಕೊಂಡು ಬೆಸುಗೆ ಗಂಟುಗಂಟಾಗಿ ನಿಲ್ಲುತ್ತದೆ. 50–60 ವ್ಯಾಟಿನ, ಉಷ್ಣತೆ ಹೊಂದಿಸಬಹುದಾದ ಐರನ್ ಕೊಂಡುಕೋ.

ನೋಡಲು ಪುಣೆ ನಿನಗೆ ಬೆಂಗಳೂರಿಗಿಂತ ಹತ್ತಿರ. ಅಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ದೊಡ್ಡ ಎಂಜಿನ್‌ಗಳ ರಾಡು, ಕ್ರ್ಯಾಂಕ್ ಪಿನ್ನುಗಳನ್ನು ಹತ್ತಿರದಿಂದ ನೋಡಬೇಕಾದರೆ 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋಗು. ಎಡಗಡೆ ನಿಂತು ಪಿನ್ ಎಲ್ಲಿದೆ ನೋಡಿಕೊಂಡು, ಸುತ್ತಿ ಬಲಗಡೆಗೆ ಬಂದು ಮತ್ತೆ ನೋಡು. ಕ್ವಾರ್ಟರಿಂಗ್ ಏನೆಂದು ಆಮೇಲೆ ಯಾರನ್ನೂ ಕೇಳಬೇಕಾಗುವುದಿಲ್ಲ.